ಬಲೆಯಲ್ಲ, ಗಾಳವಲ್ಲ, ಕಲ್ಲಿನ ಗೋಡೆ ಕಟ್ಟಿ ಸಮುದ್ರದ ಮೀನು ಹಿಡಿಯುವುದು ಹೇಗೆ? ನಮ್ಮ ಗಜನಿಗೂ, ಕುಂಸಿಯ ಹತ್ತುಮೀನಿಗೂ ಇರುವ ನಂಟೇನು?

ಕುಂಸಿ: ಮೃಗಶಿರ ಮಳೆ ಹಿಡಿದು ಗದ್ದೆಯ ಕಂಡಿಗಳಲ್ಲಿ ನೀರು ಹರಿಯೋಕೆ ಶುರುವಾಯ್ತು ಅಂದ್ರೆ ಮಲೆನಾಡಿನ ಹಳ್ಳಿಗಳಲ್ಲಿ ಹತ್ತುಮೀನಿನ ಮಾತು ಏಳುತ್ತೆ. ಬೇಸಿಗೆಯೆಲ್ಲ ಕೆರೆಯಲ್ಲಿ, ಹಳ್ಳದ ಗುಂಡಿಯಲ್ಲಿ ಉಳಿದಿದ್ದ ಮೀನುಗಳು ಹೊಸ ನೀರಿನ ವಾಸನೆ ಹಿಡಿದು, ಹರಿವಿಗೆ ಎದುರಾಗಿ, ಮೊಟ್ಟೆ ಇಡೋಕೆ ಗದ್ದೆಗಳ ಕಡೆ ಹತ್ತುತ್ತವೆ. ಆ ದಾರಿಯಲ್ಲಿ ಬಿದಿರಿನ ಕೂಳಿ ಒಡ್ಡಿಟ್ಟು ಮನೆಗೆ ಬಂದು ಮಲಗಿದರೆ, ಬೆಳಗ್ಗೆ ಹೋಗಿ ಎತ್ತಿಕೊಂಡು ಬರೋದಷ್ಟೇ ಕೆಲಸ.

ಮೀನಿನ ಹಿಂದೆ ಓಡುವುದು ಬೇಡ, ನೀರೇ ಮೀನನ್ನು ತರುವ ಜಾಗದಲ್ಲಿ ಕಾದರೆ ಸಾಕು ಅನ್ನೋದು ಈ ಕೂಳಿಯ ಹಿಂದಿರುವ ಲೆಕ್ಕ. ಇದೇ ಲೆಕ್ಕವನ್ನು ಪ್ರಪಂಚದ ಹಲವು ಕಡಲತೀರಗಳ ಜನ ಸಾವಿರಾರು ಕಲ್ಲು ಜೋಡಿಸಿ, ಅರ್ಧ ಕಿಲೋಮೀಟರ್ ಉದ್ದದ ಗೋಡೆ ಕಟ್ಟಿ ಮಾಡಿದ್ದಾರೆ. ನಮ್ಮದೇ ಕರಾವಳಿಯಲ್ಲಿ, ಜೋಗ ದಾಟಿ ಘಟ್ಟ ಇಳಿದರೆ ಸಿಗುವ ಕುಮಟಾ ತಾಲ್ಲೂಕಿನಲ್ಲಿ, ಅದು ಮಣ್ಣಿನ ಒಡ್ಡು ಮತ್ತು ತೂಬಿನ ರೂಪದಲ್ಲಿ ಇವತ್ತಿಗೂ ಇದೆ. ಆದರೆ ಕಲ್ಲಿನದಾಗಲಿ ಮಣ್ಣಿನದಾಗಲಿ, ಈ ಗೋಡೆಗಳು ಎಲ್ಲ ಕಡೆ ಕಡಿಮೆಯಾಗುತ್ತಿವೆ. ಅದು ಯಾಕೆ, ಅದರಿಂದ ಯಾರಿಗೆ ನಷ್ಟ ಅನ್ನೋದರ ವಿವರ ಇಲ್ಲಿದೆ.

ಕಲ್ಲಿನ ಬಲೆ ಅಂದ್ರೆ ಏನು?

ಇಳಿಜಾರು ಕಡಿಮೆ ಇರುವ ಕಡಲತೀರದಲ್ಲಿ, ನೀರು ಹಿಂದೆ ಸರಿದಾಗ, ಅರ್ಧಚಂದ್ರ ಅಥವಾ ಕುದುರೆ ಲಾಳದ ಆಕಾರದಲ್ಲಿ ಕಲ್ಲಿನ ಗೋಡೆ ಕಟ್ಟುತ್ತಾರೆ. ಲಾಳದ ತೆರೆದ ಬಾಯಿ ದಡದ ಕಡೆ, ಬೆನ್ನು ಸಮುದ್ರದ ಕಡೆ. ಗೋಡೆಗೆ ಗಾರೆ ಇಲ್ಲ, ಸಿಮೆಂಟ್ ಇಲ್ಲ. ನಮ್ಮ ಕಡೆ ತೋಟದ ಸುತ್ತ ಕಾಡುಗಲ್ಲಿನ ಪಾಗಾರ ಹಾಕ್ತಾರಲ್ಲ, ಹಾಗೆ ಕಲ್ಲಿಗೆ ಕಲ್ಲು ಕೂರಿಸಿದ್ದು. ಎತ್ತರ ಸೊಂಟದ ತನಕ, ಕೆಲವು ಕಡೆ ಎದೆಮಟ್ಟ.

ಉಬ್ಬರ ಬಂದಾಗ ಗೋಡೆ ಪೂರ್ತಿ ಮುಳುಗುತ್ತೆ. ಮೀನುಗಳು ಮೇವು ಹುಡುಕುತ್ತಾ ಗೋಡೆಯ ಮೇಲಿನಿಂದಲೇ ದಡದ ಹತ್ತಿರ ಬರುತ್ತವೆ. ಆರು ತಾಸು ಕಳೆದು ನೀರು ಇಳಿಯೋಕೆ ಶುರುವಾದಾಗ ಗೋಡೆಯ ತಲೆ ಮೇಲೆ ಕಾಣುತ್ತೆ. ನೀರು ಕಲ್ಲಿನ ಸಂದಿಯಲ್ಲಿ ಸೋಸಿ ಹೊರಗೆ ಹೋಗುತ್ತೆ, ದೊಡ್ಡ ಮೀನು ಒಳಗೆ ಉಳಿಯುತ್ತೆ. ಸಂದಿಯಲ್ಲಿ ನುಸುಳುವಷ್ಟು ಚಿಕ್ಕ ಮರಿ ನೀರಿನ ಜೊತೆಗೇ ಪಾರಾಗುತ್ತೆ. ಕೊನೆಗೆ ಮೊಣಕಾಲುದ್ದ ನೀರಿನಲ್ಲಿ ಕೈಬಲೆ ಹಿಡಿದು ಇಳಿದರೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಬೇಡದ್ದನ್ನು ಬಿಟ್ಟರೆ ಮುಂದಿನ ಉಬ್ಬರದಲ್ಲಿ ಅದು ವಾಪಸ್ ಹೋಗುತ್ತೆ.

ದೋಣಿ ಬೇಡ, ಡೀಸೆಲ್ ಬೇಡ, ಐಸ್ ಬೇಡ. ಆದರೆ ಅಲೆ ಹೊಡೆದಾಗಲೆಲ್ಲ ನಾಲ್ಕು ಕಲ್ಲು ಉರುಳುತ್ತವೆ. ಅವನ್ನು ಎತ್ತಿಡುವ ಕೈ ಮಾತ್ರ ವರ್ಷವಿಡೀ ಬೇಕು.

ಉಬ್ಬರ-ಇಳಿತದ ಲೆಕ್ಕ

ಘಟ್ಟದ ಮೇಲಿರುವ ನಮಗೆ ಕೆರೆ ನೀರು ಮಳೆಗಾಲಕ್ಕೆ ಏರುತ್ತೆ, ಬೇಸಿಗೆಗೆ ಇಳಿಯುತ್ತೆ ಅಷ್ಟೇ ಗೊತ್ತು. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಗ್ಗೆ 6ಕ್ಕೆ ಉಬ್ಬರ ಇದ್ದರೆ ನಾಳೆ 6.50ರ ಹೊತ್ತಿಗೆ ಬರುತ್ತೆ. ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತಾ ಹೋಗುತ್ತೆ.

ಚಂದ್ರ ಮತ್ತು ಸೂರ್ಯನ ಸೆಳೆತ ಇದಕ್ಕೆ ಕಾರಣ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಎರಡರ ಸೆಳೆತವೂ ಒಂದೇ ಸಾಲಿಗೆ ಬರುವುದರಿಂದ ಏರಿಕೆಯೂ ಜಾಸ್ತಿ, ಇಳಿಕೆಯೂ ಜಾಸ್ತಿ. ಅಷ್ಟಮಿ ಹೊತ್ತಿಗೆ ಎರಡೂ ಸಪ್ಪೆ. ಕಲ್ಲಿನ ಬಲೆಗಾಗಲಿ, ಗಜನಿಯ ತೂಬಿಗಾಗಲಿ ಹುಣ್ಣಿಮೆ-ಅಮಾವಾಸ್ಯೆಯೇ ಸುಗ್ಗಿ. ಕರಾವಳಿಯ ಮೀನುಗಾರರಿಗೆ ಪಂಚಾಂಗ ಯಾಕೆ ಬೇಕು ಅನ್ನೋದು ಇದರಿಂದ ತಿಳಿಯುತ್ತೆ.

ಎಲ್ಲೆಲ್ಲಿವೆ ಈ ಗೋಡೆಗಳು?

ತೈವಾನ್ ಮತ್ತು ಚೀನಾ ನಡುವಿನ ಜಲಸಂಧಿಯಲ್ಲಿರುವ ಪೆಂಗ್ಹು ದ್ವೀಪಗಳು ಇದಕ್ಕೆ ಹೆಸರುವಾಸಿ. ಅಲ್ಲಿ ಐನೂರಕ್ಕೂ ಹೆಚ್ಚು ಕಲ್ಲಿನ ಬಲೆಗಳಿವೆ. ಜ್ವಾಲಾಮುಖಿಯ ಕಪ್ಪು ಕಲ್ಲು, ಹವಳದ ಕಲ್ಲು ಬಳಸಿ ಕಟ್ಟಿದ್ದು. ಎರಡು ಹೃದಯ ಜೋಡಿಸಿದಂತೆ ಕಾಣುವ ಚಿಮೇಯ್ ದ್ವೀಪದ ಗೋಡೆಯ ಫೋಟೋ ಈಗ ಪ್ರವಾಸಿಗರ ಮೊಬೈಲ್‌ಗಳಲ್ಲಿ ಓಡಾಡುತ್ತಿರುತ್ತೆ. ಚಳಿಗಾಲದ ಈಶಾನ್ಯ ಗಾಳಿ ಬೀಸುವಾಗ ಅಲ್ಲಿ ದೋಣಿ ಇಳಿಸೋಕೆ ಆಗಲ್ಲ. ಆ ತಿಂಗಳುಗಳಲ್ಲಿ ಮನೆಗೆ ಮೀನು ಕೊಡುತ್ತಿದ್ದದ್ದು ಇದೇ ಗೋಡೆಗಳು.

ಪೆಂಗ್ಹುವಿನಲ್ಲಿ ಗಮನಿಸಬೇಕಾದ್ದು ಕಲ್ಲಿಗಿಂತ ಹೆಚ್ಚಾಗಿ ಅದರ ಹಿಂದಿನ ಪಾಲಿನ ವ್ಯವಸ್ಥೆ. ಒಂದು ಗೋಡೆಗೆ ಹಲವು ಮನೆಗಳು ಪಾಲುದಾರರು. ಕಟ್ಟುವಾಗಲೂ ಎಲ್ಲರ ಕೈ, ರಿಪೇರಿಗೂ ಎಲ್ಲರ ಕೈ. ಮೀನು ಹಿಡಿಯುವ ಹಕ್ಕು ಮಾತ್ರ ಸರದಿ ಪ್ರಕಾರ; ಇವತ್ತು ಒಂದು ಮನೆಗೆ, ನಾಳೆ ಇನ್ನೊಂದು ಮನೆಗೆ. ಸರದಿ ಯಾರಿಂದ ಶುರುವಾಗಬೇಕು ಅನ್ನೋದಕ್ಕೆ ಚೀಟಿ ಎತ್ತುತ್ತಿದ್ದರು. ತನ್ನ ದಿನ ಮೀನು ಸಿಗಲಿ ಬಿಡಲಿ, ಮಾರನೇ ದಿನ ಗೋಡೆ ಇನ್ನೊಬ್ಬರದ್ದು.

ಹವಾಯಿ ದ್ವೀಪಗಳಲ್ಲಿ ಇದರ ಇನ್ನೊಂದು ರೂಪವಿದೆ. ಅಲ್ಲಿ ಗೋಡೆ ಪೂರ್ತಿ ಮುಳುಗಲ್ಲ. ದಡಕ್ಕೆ ಸೇರಿದಂತೆ ಸಮುದ್ರದ ಒಂದು ಭಾಗವನ್ನೇ ಕಲ್ಲಿನ ಒಡ್ಡಿನಿಂದ ಸುತ್ತುವರಿದು ಕೆರೆ ಮಾಡಿ, ಒಡ್ಡಿನಲ್ಲಿ ಅಲ್ಲಲ್ಲಿ ಕಟ್ಟಿಗೆಯ ಜಾಲರಿ ಬಾಗಿಲು ಇಡುತ್ತಾರೆ. ಉಬ್ಬರದಲ್ಲಿ ಮರಿಮೀನು ಜಾಲರಿ ಸಂದಿಯಲ್ಲಿ ಒಳಗೆ ಬರುತ್ತೆ. ಒಳಗೆ ಪಾಚಿ ತಿಂದು ದಪ್ಪಗಾದ ಮೇಲೆ ಅದೇ ಸಂದಿಯಲ್ಲಿ ಹೊರಗೆ ಹೋಗೋಕೆ ಆಗಲ್ಲ. ಇಂಥ ನಾನೂರಕ್ಕೂ ಹೆಚ್ಚು ಮೀನಿನ ಕೊಳಗಳು ಅಲ್ಲಿದ್ದವು. ಹೆಯೆಯಿಯಾ ಎಂಬಲ್ಲಿನ ಕೊಳದ ಗೋಡೆ ಸುಮಾರು ಎರಡು ಕಿಲೋಮೀಟರ್ ಉದ್ದ. 1965ರ ನೆರೆಯಲ್ಲಿ ಅದು ಒಡೆದು ದಶಕಗಟ್ಟಲೆ ಹಾಗೇ ಬಿದ್ದಿತ್ತು. 2000ದ ನಂತರ ಊರಿನ ಯುವಕರು ಸಂಘ ಕಟ್ಟಿಕೊಂಡು, ಸ್ವಯಂಸೇವಕರನ್ನು ಸೇರಿಸಿ, ಒಂದೊಂದೇ ಕಲ್ಲು ಹೊತ್ತು ಮತ್ತೆ ನಿಲ್ಲಿಸಿದರು.

ಕಲ್ಲಿನ ಬಲೆಗೆ ಸಮುದ್ರವೇ ಬೇಕು ಅಂತಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಬಾರ್ವನ್ ನದಿಗೆ ಅಡ್ಡಲಾಗಿ ಮೂಲನಿವಾಸಿಗಳು ಕಟ್ಟಿದ ಬ್ರೆವರಿನಾ ಕಲ್ಲಿನ ಬಲೆಗಳು ಸುಮಾರು ಅರ್ಧ ಕಿಲೋಮೀಟರ್ ತನಕ ಹಬ್ಬಿವೆ. ನದಿ ಏರಿದರೆ ಒಂದು ಸಾಲಿನ ಗುಂಡಿಗಳು, ಇಳಿದರೆ ಇನ್ನೊಂದು ಸಾಲಿನವು ಕೆಲಸಕ್ಕೆ ಬರುತ್ತವೆ. ಒಂದೊಂದು ಗುಂಡಿಯ ಹೊಣೆ ಒಂದೊಂದು ಕುಟುಂಬದ ಗುಂಪಿಗೆ. ಮುಂದೆ ವಲಸೆ ಬಂದವರು ನದಿ ದಾಟೋಕೆ, ದೋಣಿ ಓಡಿಸೋಕೆ ಅಂತ ಬಹಳಷ್ಟು ಕಲ್ಲು ಕಿತ್ತರು. ಉಳಿದದ್ದನ್ನು 2005ರಲ್ಲಿ ಆ ದೇಶದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಅದೇ ದೇಶದ ವಿಕ್ಟೋರಿಯಾ ರಾಜ್ಯದ ಬುಜ್ ಬಿಮ್‌ನಲ್ಲಿ ಗುಂಡಿಟ್‌ಮಾರಾ ಜನ ಲಾವಾ ಕಲ್ಲಿನಲ್ಲಿ ಕಾಲುವೆ, ಒಡ್ಡು ಮಾಡಿ ಹಾವುಮೀನು ಸಾಕುತ್ತಿದ್ದರು. ಅದು ಸುಮಾರು 6,600 ವರ್ಷಗಳಷ್ಟು ಹಳೆಯದು ಅಂತ ಗುರುತಿಸಲಾಗಿದೆ. 2019ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೀನು ಹಿಡಿಯುವ ಗೋಡೆಗೂ ಹಂಪಿಗೂ ಒಂದೇ ಪಟ್ಟಿಯಲ್ಲಿ ಜಾಗ ಸಿಕ್ಕಂತಾಯಿತು.

ನಮ್ಮ ಕರಾವಳಿಯಲ್ಲಿ ಏನಿದೆ?

ಕಲ್ಲಿನ ಬಲೆಗೆ ಮೂರು ಅನುಕೂಲ ಬೇಕು: ಚಪ್ಪಟೆ ತೀರ, ಕೈಗೆ ಸಿಗುವ ಬಿಡಿಗಲ್ಲು, ಮತ್ತು ಗೋಡೆ ನಿಲ್ಲಲು ಬಿಡುವಷ್ಟು ಸೌಮ್ಯ ಅಲೆ. ಕಾರವಾರದಿಂದ ಮಂಗಳೂರಿನ ತನಕ ನಮ್ಮದು ಹೆಚ್ಚಾಗಿ ಮರಳಿನ ತೀರ. ಮಳೆಗಾಲದಲ್ಲಿ ಸಮುದ್ರ ರಸ್ತೆಯನ್ನೇ ಕಿತ್ತುಕೊಂಡು ಹೋಗುತ್ತೆ, ಇನ್ನು ಬಿಡಿಗಲ್ಲಿನ ಗೋಡೆ ನಿಲ್ಲೋದು ಕಷ್ಟ.

ಹಾಗಂತ ಉಬ್ಬರ-ಇಳಿತದ ಲೆಕ್ಕ ನಮ್ಮವರಿಗೆ ಗೊತ್ತಿರಲಿಲ್ಲ ಅಂತಲ್ಲ. ಅವರು ತೆರೆದ ಸಮುದ್ರ ಬಿಟ್ಟು ಅಳಿವೆಗೆ ಬಂದರು. ಅಳಿವೆ ಅಂದ್ರೆ ನದಿ ಸಮುದ್ರ ಸೇರುವ ಜಾಗ. ಉಬ್ಬರದಲ್ಲಿ ಉಪ್ಪುನೀರು ಇಲ್ಲಿ ನದಿಯೊಳಕ್ಕೆ ಮೈಲಿಗಟ್ಟಲೆ ಏರಿ ಬರುತ್ತೆ. ಅದರ ಅಕ್ಕಪಕ್ಕದ ಕೆಸರು ಬಯಲಿಗೆ ಮಣ್ಣಿನ ಒಡ್ಡು ಹಾಕಿ, ತೂಬು ಇಟ್ಟು, ಗದ್ದೆ ಮಾಡಿದರು. ಉತ್ತರ ಕನ್ನಡದಲ್ಲಿ ಇದಕ್ಕೆ ಗಜನಿ ಅನ್ನುತ್ತಾರೆ. ಗೋವಾದಲ್ಲಿ ಖಾಜನ್, ಕೇರಳದಲ್ಲಿ ಪೊಕ್ಕಾಳಿ ಅಂತ ಇದರ ದಾಯಾದಿಗಳಿವೆ.

ಅಘನಾಶಿನಿ ನದಿಯ ಅಳಿವೆ ಗಜನಿಗೆ ದೊಡ್ಡ ಹೆಸರು. ಶಿರಸಿ ಹತ್ತಿರದ ಶಂಕರಹೊಂಡದಲ್ಲಿ ಹುಟ್ಟಿ ಸುಮಾರು 120 ಕಿಲೋಮೀಟರ್ ಹರಿದು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುವ ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಮಾಣಿಕಟ್ಟಾ, ಹೆಗಡೆ, ಕಾಗಾಲ, ಮಿರ್ಜಾನ, ಹಿರೇಗುತ್ತಿ ಕಡೆ ಹೋದರೆ ರಸ್ತೆಯ ಪಕ್ಕದಲ್ಲೇ ಗಜನಿಯ ಬಯಲು ಸಿಗುತ್ತೆ. 2024ರ ಜನವರಿ 31ರಂದು ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಅದರ ವಿಸ್ತೀರ್ಣ ಸುಮಾರು 4,801 ಹೆಕ್ಟೇರ್.

ಗಜನಿಯ ಒಂದು ವರ್ಷ

ಒಂದೇ ಜಾಗದಲ್ಲಿ ಆರು ತಿಂಗಳು ಭತ್ತ, ಆರು ತಿಂಗಳು ಮೀನು. ಅದರ ಕ್ರಮ ಹೀಗೆ:

- ಮೇ ಕೊನೆ, ಜೂನ್: ಒಡ್ಡು ಸರಿ ಮಾಡಿ ಉಪ್ಪುನೀರು ಹೊರಗೆ ಬಿಡುತ್ತಾರೆ. ಮಳೆ ನೀರು ಬಿದ್ದು ಮಣ್ಣಿನ ಉಪ್ಪು ತೊಳೆದು ಹೋಗುತ್ತೆ. ಮೊಳಕೆ ಬರಿಸಿದ ಕಗ್ಗ ಭತ್ತದ ಬೀಜ ಚೆಲ್ಲುತ್ತಾರೆ.

- ಮಳೆಗಾಲ: ಕಗ್ಗ ಉಪ್ಪು ತಡೆಯುವ ತಳಿ. ನೆರೆ ಬಂದು ಕೆಲವು ದಿನ ಮುಳುಗಿದರೂ ಸಾಯಲ್ಲ. ಗೊಬ್ಬರ, ಔಷಧಿ ಕೇಳಲ್ಲ; ಹಿಂದಿನ ಆರು ತಿಂಗಳು ಮೀನು, ಸೀಗಡಿ ಬಿಟ್ಟುಹೋದ ಕೆಸರೇ ಗೊಬ್ಬರ.

- ಅಕ್ಟೋಬರ್ ಸುತ್ತಮುತ್ತ: ಕೊಯ್ಲು. ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಅದು ನೀರಲ್ಲಿ ಕೊಳೆತು ಮುಂದಿನ ಅತಿಥಿಗಳಿಗೆ ಊಟವಾಗುತ್ತೆ.

- ನವೆಂಬರ್‌ನಿಂದ ಏಪ್ರಿಲ್: ಉಬ್ಬರದಲ್ಲಿ ತೂಬು ತೆಗೆದು ಸಮುದ್ರದ ನೀರು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸೀಗಡಿ ಮರಿ, ಮೀನು ಮರಿ, ಏಡಿ ಬರುತ್ತವೆ. ಮರಿಯನ್ನು ದುಡ್ಡು ಕೊಟ್ಟು ತಂದು ಬಿಡೋದಿಲ್ಲ, ಮೇವು ಹಾಕೋದಿಲ್ಲ. ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಇಳಿತದಲ್ಲಿ ತೂಬಿನ ಬಾಯಿಗೆ ಚೀಲದಂಥ ಬಲೆ ಕಟ್ಟಿ ನೀರು ಹೊರಗೆ ಬಿಟ್ಟರೆ ಬೆಳೆದದ್ದು ಬಲೆಗೆ ಬೀಳುತ್ತೆ.

ಈ ತೂಬಿಗೆ ಅಲ್ಲಿ ಜಂತ್ರಡಿ ಅನ್ನುತ್ತಾರೆ. ಹವಾಯಿಯ ಜಾಲರಿ ಬಾಗಿಲು ಮಾಡುವ ಕೆಲಸವನ್ನೇ ಇಲ್ಲಿ ಜಂತ್ರಡಿಯ ಹಲಗೆ ಮಾಡುತ್ತೆ. ಕುಂಸಿಯ ಕೆರೆ ತೂಬಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನಮ್ಮ ತೂಬಿನಲ್ಲಿ ನೀರು ಒಂದೇ ಕಡೆ ಹೋಗುತ್ತೆ. ಗಜನಿಯ ತೂಬಿನಲ್ಲಿ ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಾಗುತ್ತೆ. ಯಾವ ಹೊತ್ತಿಗೆ ತೆಗೆಯಬೇಕು, ಯಾವ ಹೊತ್ತಿಗೆ ಮುಚ್ಚಬೇಕು ಅನ್ನೋದನ್ನು ತಪ್ಪಿದರೆ ಭತ್ತಕ್ಕೆ ಉಪ್ಪು ನುಗ್ಗುತ್ತೆ, ಇಲ್ಲವೇ ಸೀಗಡಿಯೆಲ್ಲ ವಾಪಸ್ ನದಿಗೆ ಹೋಗುತ್ತೆ.

ಹಾಗಾದರೆ ಗಜನಿ ಸೊರಗಿದ್ದು ಯಾಕೆ?

ಮೊದಲು ಒಡ್ಡು ಮಣ್ಣಿನದ್ದು. ಪ್ರತಿ ವರ್ಷ ಅದು ಅಲ್ಲಲ್ಲಿ ಕುಸಿಯುತ್ತಿತ್ತು. ಗದ್ದೆ ಇದ್ದ ಮನೆಗಳೆಲ್ಲ ಸೇರಿ ಮಣ್ಣು ಹಾಕುತ್ತಿದ್ದರು. ಒಡ್ಡಿನ ಅಂಚಿನ ಕಾಂಡ್ಲಾ ಗಿಡಗಳು ಬೇರಿನಿಂದ ಮಣ್ಣು ಹಿಡಿದಿಡುತ್ತಿದ್ದವು. 1970ರ ದಶಕದಿಂದ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಒಡ್ಡುಗಳನ್ನು ಕಟ್ಟಿಸಿತು. ರೈತರಿಗೆ ಪ್ರತಿ ವರ್ಷದ ಮಣ್ಣು ಹೊರುವ ಕೆಲಸ ತಪ್ಪಿತು. ಜೊತೆಗೆ ಎಲ್ಲರೂ ಒಂದು ಕಡೆ ಸೇರುವ ಅಭ್ಯಾಸವೂ ತಪ್ಪಿತು. ಮುಂದೆ ಗಟ್ಟಿ ಒಡ್ಡು ಒಡೆದಾಗ ಅದು ಇಲಾಖೆಯ ಕೆಲಸವಾಯಿತು. ಅನುದಾನ ಬರುವ ತನಕ ಉಪ್ಪುನೀರು ಗದ್ದೆಯಲ್ಲೇ ನಿಂತಿತು.

ಅದೇ ಸುಮಾರಿಗೆ ಸೀಗಡಿಗೆ ರಫ್ತಿನ ಬೆಲೆ ಬಂತು. ಭತ್ತದಿಂದ ಬರುವ ಆದಾಯಕ್ಕೆ ಹೋಲಿಸಿದರೆ ಸೀಗಡಿಯ ದುಡ್ಡು ದೊಡ್ಡದು. ಗಜನಿಯ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗೋಕೆ ಶುರುವಾಯಿತು. ಗುತ್ತಿಗೆ ಹಿಡಿದವರಿಗೆ ಭತ್ತದ ಮೇಲೆ ಆಸಕ್ತಿ ಇರಲ್ಲ; ಉಪ್ಪುನೀರು ಎಷ್ಟು ತಿಂಗಳು ಒಳಗಿದ್ದರೆ ಅಷ್ಟು ಲಾಭ. ಬಿತ್ತನೆ ಹೊತ್ತಿಗೆ ನೀರು ಹೊರಗೆ ಹೋಗದಿದ್ದರೆ ಕಗ್ಗ ಇಲ್ಲ. ಕಗ್ಗ ಇಲ್ಲದಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಸೀಗಡಿಗೂ ಮೇವಿಲ್ಲ. 1990ರ ದಶಕದ ಮಧ್ಯದಲ್ಲಿ ದೇಶದ ಸೀಗಡಿ ಕೃಷಿಗೆ ಬಿಳಿಚುಕ್ಕೆ ರೋಗ ಬಡಿದಾಗ ಸಾಲ ಮಾಡಿ ಕೆರೆ ತೋಡಿದ್ದ ಎಷ್ಟೋ ಜನ ನೆಲಕಚ್ಚಿದರು.

1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ಸೀಗಡಿ ಕೆರೆಗಳನ್ನು ತೆಗೆಸುವಂತೆ ತೀರ್ಪು ಕೊಟ್ಟಿತು. ಆದರೆ ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿಯವಕ್ಕೆ ವಿನಾಯಿತಿ ಇಟ್ಟಿತು. ಉಬ್ಬರದ ನೀರು ಬಿಟ್ಟು, ಇಳಿತದಲ್ಲಿ ಹಿಡಿಯುವ ಹಳೇ ಕ್ರಮಕ್ಕೂ, ಜೆಸಿಬಿಯಲ್ಲಿ ಕೆರೆ ತೋಡಿ ಮೇವು-ಔಷಧಿ ಸುರಿಯುವ ಕ್ರಮಕ್ಕೂ ವ್ಯತ್ಯಾಸವಿದೆ ಅನ್ನೋದನ್ನು ನ್ಯಾಯಾಲಯವೂ ಒಪ್ಪಿದಂತಾಯಿತು.

ಪೆಂಗ್ಹುವಿನಲ್ಲೂ ನಡೆದದ್ದು ಹೆಚ್ಚುಕಡಿಮೆ ಇದೇ. ಮೋಟಾರು ದೋಣಿ ಬಂದ ಮೇಲೆ ಆಳ ಸಮುದ್ರದಲ್ಲೇ ಮೀನು ಹಿಡಿಯೋಕಾಯಿತು. ಯುವಕರು ಪೇಟೆ ಸೇರಿದರು. ಸರದಿಯ ಮನೆಗಳಲ್ಲಿ ಅರ್ಧ ಬಾಗಿಲು ಮುಚ್ಚಿದ ಮೇಲೆ ಉರುಳಿದ ಕಲ್ಲು ಎತ್ತುವವರು ಯಾರು? ಅಲೆಗಳು ಹಿಂದೆಯೂ ಕಲ್ಲು ಉರುಳಿಸುತ್ತಿದ್ದವು. ಆಗ ಎತ್ತಿಡುವ ಕೈಗಳಿದ್ದವು, ಈಗ ಕಡಿಮೆಯಾಗಿವೆ.

ಕಾನೂನು ಏನು ಹೇಳುತ್ತೆ?

ಮೀನಿನ ದಾರಿಗೆ ಅಡ್ಡಗೋಡೆ ಕಟ್ಟುವುದು ಜಗಳದ ವಿಷಯ ಅನ್ನೋದು ಇವತ್ತಿನ ಮಾತಲ್ಲ. ಇಂಗ್ಲೆಂಡಿನ ರಾಜ 1215ರಲ್ಲಿ ಒಪ್ಪಿಕೊಂಡ ಮ್ಯಾಗ್ನಾ ಕಾರ್ಟಾ ಎಂಬ ಪ್ರಸಿದ್ಧ ಸನ್ನದಿನ 33ನೇ ಅಂಶವೇ ಇದರ ಬಗ್ಗೆ: ಥೇಮ್ಸ್, ಮೆಡ್ವೇ ನದಿಗಳಲ್ಲಿ ಮತ್ತು ಇಡೀ ದೇಶದಲ್ಲಿ ಮೀನು ಹಿಡಿಯುವ ಅಡ್ಡಗಟ್ಟೆಗಳನ್ನು ತೆಗೆಯಬೇಕು, ಸಮುದ್ರತೀರದವನ್ನು ಬಿಟ್ಟು. ನದಿ ದೋಣಿಗಳ ದಾರಿ, ಎಲ್ಲರ ದಾರಿ. ಅದನ್ನು ಒಬ್ಬ ಅಡ್ಡಗಟ್ಟುವಂತಿಲ್ಲ. ಸಮುದ್ರ ದೊಡ್ಡದು, ಅಲ್ಲಿ ಇರಲಿ ಅಂತ ಬಿಟ್ಟರು.

ನಮ್ಮ ದೇಶದಲ್ಲಿ 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಇದನ್ನು ಹೇಳುತ್ತೆ. ಮಣ್ಣಿನಲ್ಲಿ ನೆಟ್ಟು ಅಥವಾ ಬೇರೆ ರೀತಿಯಲ್ಲಿ ಒಂದೇ ಕಡೆ ನಿಲ್ಲಿಸಿ ಮೀನು ಹಿಡಿಯುವ ಬಲೆ, ಪಂಜರ, ಬೋನು ಯಾವುದೇ ಆದರೂ ಅದು ಸ್ಥಿರ ಸಾಧನ. ಅದನ್ನು ಹಾಗೂ ಅಡ್ಡಗಟ್ಟೆಗಳನ್ನು ನಿಯಂತ್ರಿಸುವ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿದೆ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದು ಅದೇ ಕಾಯ್ದೆಯಲ್ಲಿ ಅಪರಾಧ. ಒಳನಾಡಿನ ಕೆರೆ-ನದಿಗಳಿಗೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಸಮುದ್ರದಲ್ಲಿ ನಮ್ಮ ರಾಜ್ಯದ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ. ಮಳೆಗಾಲದಲ್ಲಿ ಮೀನಂಗಡಿಯಲ್ಲಿ ಬಂಗಡೆಗೆ ಬೆಲೆ ಏರೋದಕ್ಕೆ ಈ ನಿಷೇಧವೂ ಒಂದು ಕಾರಣ.

ಕುಂಸಿಗೆ ಇದರಿಂದ ಏನು?

ಮೊದಲನೆಯದು, ನಮ್ಮ ಜಿಲ್ಲೆಯ ನೀರಿಗೂ ಕರಾವಳಿಯ ಮೀನಿಗೂ ನೇರ ಸಂಬಂಧವಿದೆ. ಕುಂಸಿ ಕಡೆಯ ಮಳೆ ನೀರು ಕುಮುದ್ವತಿ, ತುಂಗಭದ್ರಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತೆ, ನಿಜ. ಆದರೆ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತೆ. ಲಿಂಗನಮಕ್ಕಿಯಲ್ಲಿ ತಡೆದ ನೀರು ವಿದ್ಯುತ್ ಕೇಂದ್ರಗಳ ಮೂಲಕ ಬೇಸಿಗೆಯಲ್ಲೂ ಹರಿಯುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನ ಅಂಶ ಕಡಿಮೆ. ಉಪ್ಪು-ಸಿಹಿ ಹದ ತಪ್ಪಿದ್ದರಿಂದ ಅಲ್ಲಿ ಚಿಪ್ಪುಮೀನು, ಅಳಿವೆ ಮೀನುಗಳ ವೈವಿಧ್ಯ ಕುಗ್ಗಿದೆ ಅಂತ ಪರಿಸರ ವಿಜ್ಞಾನಿಗಳು ಅಣೆಕಟ್ಟಿಲ್ಲದ ಅಘನಾಶಿನಿಯ ಜೊತೆ ಹೋಲಿಸಿ ತೋರಿಸಿದ್ದಾರೆ. ಹೊನ್ನಾವರದಿಂದ ಕುಮಟಾಕ್ಕೆ ಕೇವಲ 20 ಕಿಲೋಮೀಟರ್ ಆಸುಪಾಸು. ಇಷ್ಟು ಹತ್ತಿರದ ಎರಡು ಅಳಿವೆಗಳ ನಡುವೆ ಇಷ್ಟು ವ್ಯತ್ಯಾಸ.

ಸೀಗಡಿ ಮೊಟ್ಟೆ ಇಡೋದು ಸಮುದ್ರದಲ್ಲಿ, ಮರಿ ಬೆಳೆಯೋದು ಅಳಿವೆಯಲ್ಲಿ, ದೊಡ್ಡದಾದ ಮೇಲೆ ವಾಪಸ್ ಸಮುದ್ರಕ್ಕೆ. ಅಳಿವೆ, ಗಜನಿ, ಕಾಂಡ್ಲಾ ಇವೆಲ್ಲ ಸಮುದ್ರದ ತೊಟ್ಟಿಲು. ತೊಟ್ಟಿಲು ಹಾಳಾದರೆ ದೋಣಿಗೆ ಸಿಗೋದೂ ಕಡಿಮೆ, ಘಟ್ಟ ಹತ್ತಿ ಕುಂಸಿ, ಆಯನೂರು, ಶಿವಮೊಗ್ಗದ ಅಂಗಡಿಗೆ ಬರೋದೂ ಕಡಿಮೆ.

ಎರಡನೆಯದು, ನಮ್ಮ ಕೆರೆಬೇಟೆ. ಬೇಸಿಗೆಯಲ್ಲಿ ಕೆರೆ ತಳ ಕಂಡಾಗ ಊರವರು, ಪಕ್ಕದ ಊರವರು ಸೇರಿ, ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ಕೆರೆಗೆ ಇಳಿಯುವ ಪದ್ಧತಿ ಸಾಗರ, ಸೊರಬ, ಶಿಕಾರಿಪುರ ಕಡೆ ಇವತ್ತಿಗೂ ಇದೆ. ಕೂಣಿಗೆ ಇಷ್ಟು ಅಂತ ದುಡ್ಡು, ಸೂಚನೆ ಕೊಟ್ಟ ಮೇಲೆಯೇ ಇಳಿಯಬೇಕು ಅನ್ನೋ ಕಟ್ಟು, ಬಂದ ಹಣ ದೇವಸ್ಥಾನಕ್ಕೋ ಊರ ಕೆಲಸಕ್ಕೋ. ಪೆಂಗ್ಹುವಿನ ಚೀಟಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ: ನೀರು ಎಲ್ಲರದ್ದು, ಹಾಗಾಗಿ ಹಿಡಿಯೋದಕ್ಕೊಂದು ದಿನ, ಒಂದು ನಿಯಮ.

ಮೂರನೆಯದು, ಹತ್ತುಮೀನು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕಲ್ಲಿನ ಬಲೆ ಹಿಡಿಯೋದು ಮೇವಿಗೆ ಬಂದ ಮೀನನ್ನು. ಸಣ್ಣದು ಸಂದಿಯಲ್ಲಿ ಪಾರಾಗುತ್ತೆ. ಗಜನಿಯ ತೂಬು ಹಿಡಿಯೋದು ಒಳಗೆ ಬೆಳೆದ ಮೀನನ್ನು. ಆದರೆ ಹತ್ತುಮೀನಿನ ದಾರಿಗೆ ಒಡ್ಡುವ ಕೂಳಿ ಹಿಡಿಯೋದು ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಹೊರಟ ಮೀನನ್ನು. ಒಂದು ಮೀನಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆ. ಹಿಂದೆ ಒಂದು ಹಳ್ಳಕ್ಕೆ ಎರಡೋ ಮೂರೋ ಕೂಳಿ, ಅದೂ ಮನೆಯ ಸಾರಿಗೆ. ತಪ್ಪಿಸಿಕೊಂಡು ಹತ್ತುವ ಮೀನೇ ಹೆಚ್ಚಿತ್ತು. ಈಗ ಕಂಡಿಯ ಅಗಲಕ್ಕೂ ನೈಲಾನ್ ಬಲೆ ಕಟ್ಟಿ, ಕಣ್ಣು ಸಣ್ಣ ಮಾಡಿ, ರಾತ್ರಿ ಬ್ಯಾಟರಿ ಹಿಡಿದು ಬಾಚಿದರೆ ಹತ್ತೋಕೆ ಒಂದೂ ಉಳಿಯಲ್ಲ. ಗೊಜಲೆ, ಮುರುಗೋಡು, ಕೊರವ ಮೊದಲಿನಷ್ಟು ಕಾಣೋದಿಲ್ಲ ಅನ್ನುವ ಊರುಗಳಲ್ಲಿ ಗದ್ದೆಗೆ ಬೀಳುವ ಕಳೆನಾಶಕ, ಹೂಳು ತುಂಬಿದ ಕೆರೆಯ ಜೊತೆಗೆ ಈ ಬಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಊರಿನ ಮಟ್ಟದಲ್ಲಿ ಮಾಡಬಹುದಾದ್ದು

- ಮೊದಲ ಮಳೆಯ ಹತ್ತುಮೀನು ಹತ್ತುವ ದಿನಗಳಲ್ಲಿ ಕಂಡಿಯ ಪೂರ್ತಿ ಅಗಲಕ್ಕೆ ಬಲೆ ಕಟ್ಟದೆ ಅರ್ಧ ದಾರಿ ಬಿಡುವುದು. ಇದಕ್ಕೆ ಊರವರು ಒಂದು ಕಡೆ ಕೂತು ಮಾತಾಡಿದರೆ ಸಾಕು.

- ಮಳೆಗಾಲದ ನಿರ್ಬಂಧ ಯಾವ ಕೆರೆ, ಯಾವ ಹೊಳೆಗೆ, ಯಾವ ದಿನದಿಂದ ಅನ್ವಯ ಅನ್ನೋದನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ಪಂಚಾಯಿತಿ ಬೋರ್ಡಿಗೆ ಹಾಕಿಸುವುದು.

- ಕೆರೆಯ ಮೀನಿನ ಹಕ್ಕು ಗುತ್ತಿಗೆ ಕೊಡುವಾಗ ನೀರು ಯಾವ ಮಟ್ಟಕ್ಕಿಂತ ಕೆಳಗೆ ಖಾಲಿ ಮಾಡುವಂತಿಲ್ಲ ಅನ್ನೋದನ್ನು ಮೊದಲೇ ಬರೆಸಿಕೊಳ್ಳುವುದು. ಗಜನಿಯಲ್ಲಿ ಜಗಳ ಹುಟ್ಟಿದ್ದು ಇದೇ ಜಾಗದಲ್ಲಿ: ತೂಬಿನ ಹಲಗೆ ಯಾರ ಕೈಯಲ್ಲಿರಬೇಕು ಅನ್ನೋದು ಸ್ಪಷ್ಟವಿಲ್ಲದಾಗ.

- ಬಿದಿರಿನ ಕೂಣಿ, ಕೂಳಿ ಹೆಣೆಯುವ ಹಿರಿಯರು ಊರಲ್ಲಿದ್ದರೆ ಶಾಲೆಯ ಮಕ್ಕಳಿಗೆ ಒಂದು ದಿನ ತೋರಿಸುವುದು.

ನೋಡಬೇಕು ಅಂದ್ರೆ

ಜೋಗಕ್ಕೆ ಹೋದವರು ಹೊನ್ನಾವರಕ್ಕೆ ಇಳಿದು ಕುಮಟಾ ದಾರಿ ಹಿಡಿದರೆ ಒಂದೇ ದಿನದಲ್ಲಿ ಗಜನಿ ನೋಡಿ ಬರಬಹುದು. ಭತ್ತ ನೋಡಬೇಕಾದರೆ ಸೆಪ್ಟೆಂಬರ್. ಮೀನು, ಸೀಗಡಿ ಹಿಡಿಯೋದು ನೋಡಬೇಕಾದರೆ ಡಿಸೆಂಬರ್ ನಂತರ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸು. ಹೊರಡುವ ಮುಂಚೆ ಆ ದಿನದ ಇಳಿತ ಎಷ್ಟು ಗಂಟೆಗೆ ಅಂತ ತಿಳಿದುಕೊಳ್ಳಿ. ಉಬ್ಬರದ ಹೊತ್ತಿಗೆ ಹೋದರೆ ನೀರಿನ ಬಯಲಷ್ಟೇ ಕಾಣುತ್ತೆ. ಒಡ್ಡಿನ ಮೇಲೆ ನಡೆಯುವ ಮುಂಚೆ ಗದ್ದೆಯವರನ್ನು ಒಂದು ಮಾತು ಕೇಳಿ, ಮಣ್ಣು ಹಸಿ ಇರುತ್ತೆ. ಸಿಕ್ಕರೆ ಕಗ್ಗದ ಕೆಂಪಕ್ಕಿ ಒಂದೆರಡು ಕೆ.ಜಿ. ಕೊಂಡು ತನ್ನಿ. ಅದು ಮಾರಾಟವಾದರೆ ಮುಂದಿನ ಜೂನ್‌ನಲ್ಲಿ ಯಾರಾದರೂ ಒಡ್ಡು ಸರಿ ಮಾಡಿ ಬೀಜ ಚೆಲ್ಲೋಕೆ ಒಂದು ಕಾರಣ ಸಿಗುತ್ತೆ.